ಹಳೆ ಅಮೆರಿಕನ್ ಹಾಡುಗಳ ಪಟ್ಟಿ: ಈ ಸಲ 1915ರಿಂದ 1932

ಪಟ್ಟಿಯ ಎರಡನೇ ಭಾಗ ಒಂದು ಹದಕ್ಕೆ ಬಂತು. ದಶಕದ ಲೆಕ್ಕದಲ್ಲಿ ಹಾಡು ಜೋಡಿಸುವುದನ್ನು ಬಿಟ್ಟಿದ್ದೇನೆ. ಈ ಸಲ ಒಬ್ಬನೇ ಹುಡುಗನ ಬೆನ್ನು ಹತ್ತಿದೆ. ಹೆಸರಿಲ್ಲ, ಮುಖವಿಲ್ಲ. ಮೊದಲ ಮಹಾಯುದ್ಧದ ಕಾಲದ ಯಾವುದೋ ಅಮೆರಿಕನ್ ಹುಡುಗ. ಅಮ್ಮನ ತೋಳಿನಿಂದ ಹಿಡಿದು ಬ್ರೆಡ್ಡಿಗಾಗಿ ಸಾಲಲ್ಲಿ ನಿಲ್ಲುವವರೆಗೆ ಅವನ ಕಥೆ ಕೆಲವೇ ಹಾಡುಗಳಲ್ಲಿ ಸಿಕ್ಕಿಬಿಡುತ್ತದೆ.

ಶುರು 1915ರಿಂದ. ಯುರೋಪ್ ಹೊತ್ತಿ ಉರಿಯುತ್ತಿದೆ, ಅಮೆರಿಕ ಇನ್ನೂ ದೂರ ನಿಂತಿದೆ. ಆಗ ಮನೆಮನೆಯಲ್ಲಿ ಕೇಳಿಬಂದ ಹಾಡು 'ಐ ಡಿಡಂಟ್ ರೇಸ್ ಮೈ ಬಾಯ್ ಟು ಬಿ ಎ ಸೋಲ್ಜರ್'. ಸಿಪಾಯಿ ಮಾಡೋಕೆ ನನ್ನ ಮಗನನ್ನು ಸಾಕಲಿಲ್ಲ ಅನ್ನುತ್ತಾಳೆ ತಾಯಿ. ಪಿಯಾನೋ ಇದ್ದವರು ಶೀಟ್ ಮ್ಯೂಸಿಕ್, ಅಂದರೆ ಹಾಡಿನ ಸ್ವರಲಿಪಿ ಅಚ್ಚಾದ ಹಾಳೆ, ಕೊಂಡು ತಾವೇ ನುಡಿಸುತ್ತಿದ್ದ ಕಾಲ ಅದು. ಅದರ ಮುಖಪುಟದಲ್ಲಿ ವಯಸ್ಸಾದ ತಾಯಿ ಮಗನನ್ನು ತಬ್ಬಿಕೊಂಡಿದ್ದಾಳೆ, ಮೇಲೆ ಗುಂಡು ಸಿಡಿಯುತ್ತಿದೆ. ಎಲ್ಲ ಕಡೆಯ ಎಲ್ಲ ತಾಯಂದಿರಿಗೆ ಅಂತ ಅರ್ಪಣೆ ಬೇರೆ. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಈ ಹಾಡು ಕಂಡರೆ ಉರಿದುಬೀಳುತ್ತಿದ್ದರು. ಆದರೆ ಮರುವರ್ಷವೇ ಅಧ್ಯಕ್ಷ ವುಡ್ರೋ ವಿಲ್ಸನ್ 'ನಮ್ಮನ್ನು ಯುದ್ಧದಿಂದ ದೂರ ಇಟ್ಟವರು' ಅನ್ನೋ ಘೋಷಣೆಯ ಮೇಲೆ ಚುನಾವಣೆ ಗೆದ್ದರು. ತಾಯಿ ಒಬ್ಬಳೇ ಇರಲಿಲ್ಲ ಅನ್ನೋದು ಗೊತ್ತಾಗುತ್ತದೆ, ಅಲ್ವಾ?

1917ರ ಏಪ್ರಿಲ್ 6ಕ್ಕೆ ಅಮೆರಿಕ ಯುದ್ಧಕ್ಕೆ ಇಳಿಯಿತು. ಆ ಬಿಸಿಯಲ್ಲೇ ಜಾರ್ಜ್ ಎಂ. ಕೋಹನ್ ಹುಡುಗರನ್ನು ಯುದ್ಧಕ್ಕೆ ಹುರಿದುಂಬಿಸುವ 'ಓವರ್ ದೇರ್' ಬರೆದರು. ಅದರ ಹಕ್ಕನ್ನು 25,000 ಡಾಲರ್ ಕೊಟ್ಟು ಕೊಂಡವರು ನ್ಯೂಯಾರ್ಕಿನ ಪ್ರಕಾಶಕ ಲಿಯೋ ಫೈಸ್ಟ್. ತಾಯಿಯ ಹಾಡು ಅಚ್ಚು ಹಾಕಿದ್ದೂ ಅವರೇ! ಇಷ್ಟಕ್ಕೇ ನಿಲ್ಲಲಿಲ್ಲ. ತಾಯಿಯ ಹಾಡನ್ನು ಕೊಲಂಬಿಯಾ ಕಂಪನಿಗೆ ಹಾಡಿದ್ದು ಪೀರ್‌ಲೆಸ್ ಕ್ವಾರ್ಟೆಟ್. 1917ರಲ್ಲಿ 'ಅಮೆರಿಕಾ, ಹಿಯರ್ಸ್ ಮೈ ಬಾಯ್' ಹಾಡಿದ್ದೂ ಅದೇ ತಂಡ. ಇದರಲ್ಲಿ ತಾಯಿಯೇ ಮುಂದೆ ಬಂದು, ತಗೋ ನನ್ನ ಮಗನನ್ನು ಅನ್ನುತ್ತಾಳೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಇಡೀ ಪಟ್ಟಿಯಲ್ಲಿ ನನಗೆ ಜಾಸ್ತಿ ಇಷ್ಟವಾದ ಜೋಡಿ ಇದು.

ಇದನ್ನು ನೋಡಿ ಎರಡೇ ವರ್ಷದಲ್ಲಿ ಜನರ ಮನಸ್ಸು ತಿರುಗಿತು ಅಂದುಬಿಡಬಹುದು. ನಾನು ಹಾಗೆ ಬರೆದುಕೊಂಡಿಲ್ಲ. ತಿರುಗಿದ್ದು ಅಂಗಡಿಯ ಸರಕು. 1917ರ ಜೂನ್‌ನಲ್ಲಿ ಬೇಹುಗಾರಿಕೆ ಕಾಯ್ದೆ ಬಂತು. ಸೈನ್ಯ ಸೇರೋದನ್ನು ತಡೆಯುವಂತೆ ಮಾತಾಡಿದರೂ ಜೈಲು. ಸಮಾಜವಾದಿ ನಾಯಕ ಯೂಜಿನ್ ಡೆಬ್ಸ್‌ಗೆ 1918ರಲ್ಲಿ ಜೈಲು ಶಿಕ್ಷೆ ಆಗಿದ್ದು ಒಂದು ಭಾಷಣಕ್ಕೆ. ಅಂಥ ಹೊತ್ತಲ್ಲಿ ಯಾವ ಪ್ರಕಾಶಕ ಶಾಂತಿಯ ಹಾಡು ಮಾರುತ್ತಾನೆ? ಹಿಟ್ ಆದ ಹಾಡಿನಷ್ಟೇ ಗಮನ ಅಂಗಡಿಯಿಂದ ಮಾಯವಾದ ಹಾಡಿಗೂ ಕೊಡಬೇಕು.

ಶೀಟ್ ಮ್ಯೂಸಿಕ್‌ನ ಅಳತೆಯನ್ನೂ ಈಗ ಬರೆದಿಡುತ್ತಿದ್ದೇನೆ. ಯುದ್ಧಕ್ಕೆ ಮುಂಚೆ ಅವು ದೊಡ್ಡ ದೊಡ್ಡ ಹಾಳೆಗಳು. 1918ಕ್ಕೆ ಫೈಸ್ಟ್ ಅವರ ಹಾಡುಗಳು ಪುಟ್ಟದಾಗುತ್ತವೆ. ಸರ್ಕಾರಕ್ಕೆ ಸಹಕಾರ ಕೊಟ್ಟು ಕಾಗದ ಉಳಿಸೋಕೆ ಹೀಗೆ ಮಾಡಿದ್ದೇವೆ ಅಂತ ಅದರಲ್ಲೇ ಅಚ್ಚು ಹಾಕಿರುತ್ತಾರೆ. ಸಾಹಿತ್ಯ ಓದದೆಯೂ ವರ್ಷ ಹೇಳಬಹುದು.

ಹುಡುಗ 1919ರಲ್ಲಿ ವಾಪಸ್ ಬಂದ. 'ಓವರ್ ದೇರ್' ಹಾಡಿ ಕಳಿಸಿಕೊಟ್ಟ ನೋರಾ ಬೇಸ್ ಈಗ ಬೇರೆ ಹಾಡು ಹಾಡುತ್ತಾರೆ: 'ಹೌ ಯಾ ಗೊನ್ನಾ ಕೀಪ್ ಎಮ್ ಡೌನ್ ಆನ್ ದ ಫಾರ್ಮ್'. ಪ್ಯಾರಿಸ್ ನೋಡಿ ಬಂದ ಮಗನನ್ನು ಇನ್ನು ಹೊಲದಲ್ಲಿ ಹಿಡಿದಿಡೋದು ಹೇಗೆ ಅಂತ ರೈತ ದಂಪತಿಯ ಚಿಂತೆ. ತಮಾಷೆ ಹಾಡೇ. ಆದರೆ 1920ರ ಜನಗಣತಿಯಲ್ಲಿ ಮೊದಲ ಸಲ ಅರ್ಧಕ್ಕಿಂತ ಜಾಸ್ತಿ, ಅಂದರೆ ಶೇ. 51ರಷ್ಟು ಅಮೆರಿಕನ್ನರು ಪಟ್ಟಣವಾಸಿಗಳು. 2,500 ಜನ ಇದ್ದರೂ ಪಟ್ಟಣ ಅನ್ನೋ ಲೆಕ್ಕ ಅದು, ಇರಲಿ.

ಇದೇ ಹಾಡನ್ನು ಜೇಮ್ಸ್ ರೀಸ್ ಯುರೋಪ್ ಅವರ ಬ್ಯಾಂಡ್ ಕೂಡ 1919ರಲ್ಲಿ ರೆಕಾರ್ಡ್ ಮಾಡಿತು, ಹಾಡಿದವರು ನೋಬಲ್ ಸಿಸಲ್. ಇವರು 369ನೇ ರೆಜಿಮೆಂಟಿನ ಕಪ್ಪು ಸೈನಿಕರು. ಫ್ರೆಂಚ್ ಸೇನೆಯ ಕೈಕೆಳಗೆ ಹೋರಾಡಿ, ಅಲ್ಲಿ ಗೌರವ ಕಂಡು ಬಂದವರು. ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಅವರ ಮೆರವಣಿಗೆ ನಡೆಯಿತು. ಅದೇ ವರ್ಷದ ಬೇಸಿಗೆಯಲ್ಲಿ ಶಿಕಾಗೋ, ವಾಷಿಂಗ್ಟನ್ ಮುಂತಾದ ಕಡೆ ಕಪ್ಪು ಜನರ ಮೇಲೆ ದಾಳಿ. ಸಿಸಲ್ ಬಾಯಲ್ಲಿ ಕೇಳಿದರೆ ಈ ಹಾಡಿನ ಪ್ರಶ್ನೆ ಹೊಲಕ್ಕಷ್ಟೇ ನಿಲ್ಲೋದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಈ ಎರಡು ಧ್ವನಿಮುದ್ರಣಗಳಿಗೆ ಬೇರೆ ಬೇರೆ ಸಾಲು ಕೊಟ್ಟಿದ್ದೇನೆ.

ಕೊನೆಗೆ 1932. 'ಬ್ರದರ್, ಕ್ಯಾನ್ ಯು ಸ್ಪೇರ್ ಎ ಡೈಮ್?' ರೈಲು ಹಳಿ ಹಾಕಿದೆ, ಗೋಪುರ ಕಟ್ಟಿದೆ, ಖಾಕಿ ತೊಟ್ಟು ಯುದ್ಧಕ್ಕೂ ಹೋದೆ. ಈಗ ಹತ್ತು ಸೆಂಟ್ ಕೇಳುವ ಗತಿ ಯಾಕೆ ಅನ್ನುತ್ತಾನೆ ಹಾಡಿನ ಮಾಜಿ ಸೈನಿಕ. ಬರೆದ ಯಿಪ್ ಹಾರ್ಬರ್ಗ್ ಅವರ ಎಲೆಕ್ಟ್ರಿಕ್ ಸಾಮಾನಿನ ವ್ಯಾಪಾರವೇ 1929ರ ಷೇರುಪೇಟೆ ಕುಸಿತದಲ್ಲಿ ಮುಳುಗಿತ್ತು. ಜೇ ಗೋರ್ನಿ ರಾಗ ಹಾಕಿದ್ದು ಚಿಕ್ಕಂದಿನಲ್ಲಿ ಕೇಳಿದ್ದ ಒಂದು ಜೋಗುಳದ ಮೇಲೆ. 1932ರ ಬೇಸಿಗೆಯಲ್ಲಿ ಸಾವಿರಾರು ಮಾಜಿ ಸೈನಿಕರು ವಾಷಿಂಗ್ಟನ್‌ನಲ್ಲಿ ಗುಡಿಸಲು ಹಾಕಿಕೊಂಡು ಕೂತಿದ್ದರು. 1945ಕ್ಕೆ ಕೊಡ್ತೀವಿ ಅಂದಿದ್ದ ಬೋನಸ್ ಈಗಲೇ ಕೊಡಿ ಅಂತ. ಜುಲೈ 28ಕ್ಕೆ ಸೇನೆಯೇ ಬಂದು ಓಡಿಸಿತು. ಗಾಯಕ ಬಿಂಗ್ ಕ್ರಾಸ್ಬಿ ಈ ಹಾಡನ್ನು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಶುರು ಮಾಡುತ್ತಾರೆ. 1925ಕ್ಕೆ ಮುಂಚೆ ರೆಕಾರ್ಡಿಂಗ್ ಅಂದರೆ ಕೊಳವೆಗೆ ಮುಖ ಕೊಟ್ಟು ಜೋರಾಗಿ ಹಾಡಬೇಕಿತ್ತು. ಮೈಕ್ ಬಂದ ಮೇಲೆ ಬಡವನ ಪಿಸುಮಾತಿಗೂ ಜಾಗ ಸಿಕ್ಕಿತು.

ಒಂದು ಕಾಲಂ ತೆಗೆದುಹಾಕಿದ್ದೇನೆ: 'ನಂಬರ್ ಒನ್ ಆಗಿತ್ತಾ?' ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ರೆಕಾರ್ಡ್ ಮಾರಾಟದ ಪಟ್ಟಿ ಶುರುವಾಗಿದ್ದೇ 1940ರಲ್ಲಿ. ಅದಕ್ಕೂ ಹಿಂದಿನ ನಂಬರ್‌ಗಳೆಲ್ಲ ಆಮೇಲೆ ಕೂತು ಲೆಕ್ಕ ಹಾಕಿದವು. ಸುಮ್ನೆ ಜಾಗ ಯಾಕೆ?

ಹಾಡುಗಳ ಕಡತಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಜೂಕ್‌ಬಾಕ್ಸ್ ಜಾಲತಾಣ ನೋಡಿ. 1923ಕ್ಕೆ ಮುಂಚಿನ ಧ್ವನಿಮುದ್ರಣಗಳ ಮೇಲೆ 2022ರಿಂದ ಹಕ್ಕುಸ್ವಾಮ್ಯದ ತಕರಾರಿಲ್ಲ, ಇಳಿಸಿಕೊಳ್ಳಬಹುದು.

ಮುಂದಿನ ಸಾಲಿಗೆ 'ಸಿಕ್ಸ್‌ಟೀನ್ ಟನ್ಸ್' ಎತ್ತಿಕೊಂಡಿದ್ದೇನೆ. ಕಲ್ಲಿದ್ದಲು ಗಣಿಯ ಕೂಲಿ, ಕಂಪನಿ ಅಂಗಡಿಯಲ್ಲಿ ತೀರದ ಸಾಲ. ಕೆಂಟಕಿಯ ಗಣಿ ಕಾರ್ಮಿಕನ ಮಗ ಮರ್ಲ್ ಟ್ರಾವಿಸ್ ಇದನ್ನು ರೆಕಾರ್ಡ್ ಮಾಡಿದ್ದು 1946ರಲ್ಲಿ. ದೇಶವೆಲ್ಲ ಗುನುಗಿದ್ದು ಮಾತ್ರ 1955ರಲ್ಲಿ, ಟೆನೆಸೀ ಅರ್ನಿ ಫೋರ್ಡ್ ಹಾಡಿದಾಗ. ಕಾರು, ಫ್ರಿಜ್, ಟಿವಿ ಕಂತಿನಲ್ಲಿ ಮನೆಗೆ ಬರುತ್ತಿದ್ದ ಕಾಲ. ಆ ಸಾಲದ ಹಾಡು ಅವರಿಗೆ ಯಾಕೆ ಹಿಡಿಸಿತು ಅನ್ನೋದಕ್ಕೆ ಕಂತೇ ಕಾರಣ ಇರಬಹುದಾ ಅಂತ ಒಂದು ಗುಮಾನಿ. ಅದನ್ನು ಕೆದಕಬೇಕು.