ಅಲ್ಲಿ ಯಾರೂ ಬುದ್ಧಿ ಹೇಳುವುದಿಲ್ಲ

ಅಮೆರಿಕದ ಫೀನಿಕ್ಸ್‌ಗೆ ಬಂದ ಆರನೆಯ ವರ್ಷ, ಒಂದು ಮಂಗಳವಾರ ಸಂಜೆ, ಚರ್ಚೊಂದರ ಹಿಂಬದಿಯ ಕೋಣೆಯಲ್ಲಿ ಮಡಚುವ ಕುರ್ಚಿಯ ಮೇಲೆ ಕುಳಿತಿದ್ದೆ. ಸುತ್ತ ಒಂಬತ್ತು ಜನ, ನನ್ನಂತೆಯೇ ಊಟದೊಂದಿಗೆ ಸೆಣಸುವವರು. ನನ್ನ ಸರದಿ ಬಂದಾಗ ಹೆಸರು ಹೇಳಿದೆ, ಮುಂದಿನ ಮಾತು ಗಂಟಲು ದಾಟಲಿಲ್ಲ. ‘ಪಾಸ್’ ಎಂದೆ. ಎಲ್ಲರೂ ‘ಥ್ಯಾಂಕ್ಸ್’ ಎಂದರು, ಸರದಿ ಪಕ್ಕದವರಿಗೆ ಹೋಯಿತು. ಏಕೆ, ಏನು ಎಂದು ಒಬ್ಬರೂ ಕೇಳಲಿಲ್ಲ. ಕೇಳದೆಯೂ ಸಲಹೆ ಸಿಗುವ ಜಾಗದಲ್ಲಿ ಬೆಳೆದ ನನಗೆ ಅದು ಮೊದಲು ಅವಮಾನದಂತೆಯೇ ಕಂಡಿತು.

ನನ್ನ ಕಾಯಿಲೆಗೆ ಕನ್ನಡದಲ್ಲಿ ಮನೆಮಾತಿನ ಹೆಸರಿಲ್ಲ, ಇಂಗ್ಲಿಷಿನಲ್ಲಿ ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ನಾನು ಬಲ್ಲಂತೆ ಅದು ಹೀಗಿತ್ತು: ಹಗಲೆಲ್ಲ ಹೊಟ್ಟೆಯನ್ನು ಬಿಗಿಹಿಡಿದು, ನಡುರಾತ್ರಿ ಫ್ರಿಜ್ಜಿನ ಬಾಗಿಲು ತೆರೆದು, ಅದರ ಬೆಳಕಿನಲ್ಲಿ ನಿಂತುಕೊಂಡೇ, ರುಚಿಯೂ ತಿಳಿಯದಂತೆ ತಿನ್ನುವುದು. ಆಮೇಲೆ ನಾಚಿಕೆ, ಮರುದಿನ ಅದಕ್ಕೆ ಪ್ರಾಯಶ್ಚಿತ್ತವಾಗಿ ಮತ್ತೆ ಹಸಿವು. ವರ್ಷಗಟ್ಟಲೆ ಇದನ್ನು ಬಾಯಿಚಪಲ ಎಂದೇ ಹಳಿದುಕೊಂಡಿದ್ದೆ.

ಇಂಥ ಬಳಗಗಳ ಬೇರು 1935ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ಹುಟ್ಟಿದ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಬಳಗವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿದೆ. ಚೇತರಿಕೆಗೆ ಅದು ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳನ್ನು ಊಟದ ಸಮಸ್ಯೆಗೆ ಒಗ್ಗಿಸಿಕೊಂಡು 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಓವರ್‌ಈಟರ್ಸ್ ಅನಾನಿಮಸ್ ಶುರುವಾಯಿತು. ನಾನು ಹೋಗುವ ಈಟಿಂಗ್ ಡಿಸಾರ್ಡರ್ಸ್ ಅನಾನಿಮಸ್ 2000ದಲ್ಲಿ ಇದೇ ಫೀನಿಕ್ಸ್‌ನಲ್ಲಿ ಆರಂಭವಾದದ್ದು. ಓವರ್‌ಈಟರ್ಸ್‌ನವರು ವರ್ಜನೆಯ ಮಾತಾಡುತ್ತಾರೆ. ಇವರು ಗುರಿ ಸಮತೋಲನ, ವರ್ಜನೆಯಲ್ಲ ಎನ್ನುತ್ತಾರೆ. ಕುಡಿತವನ್ನು ಪೂರ್ತಿ ಬಿಡಬಹುದು, ಊಟವನ್ನು ಬಿಡಲಾದೀತೇ? ವರ್ಜನೆಯ ದಾರಿಯಲ್ಲಿ ಚೇತರಿಸಿಕೊಂಡವರೂ ಇದ್ದಾರೆ, ಅವರೊಂದಿಗೆ ನನ್ನ ಜಗಳವಿಲ್ಲ. ಆದರೆ ‘ಇದನ್ನು ಮುಟ್ಟಬಾರದು, ಅದನ್ನು ತಿನ್ನಬಾರದು’ ಎಂಬ ಪಟ್ಟಿಯೇ ನನ್ನ ರೋಗದ ಅರ್ಧ ಭಾಗವಾಗಿತ್ತು.

ಶುಲ್ಕವಿಲ್ಲ. ಕೊನೆಯಲ್ಲಿ ಬುಟ್ಟಿ ಸುತ್ತುತ್ತದೆ, ಮನಸ್ಸಿದ್ದವರು ಹಾಕುತ್ತಾರೆ. ನಮ್ಮ ಸಭೆಯಲ್ಲಿ ತೂಕ, ಕ್ಯಾಲೊರಿಯ ಅಂಕಿಗಳನ್ನು ಹೇಳುವಂತಿಲ್ಲ. ಒಬ್ಬರ ಅಂಕಿ ಇನ್ನೊಬ್ಬರಿಗೆ ಪೈಪೋಟಿಯಾಗುತ್ತದೆ. (ಈ ಬರಹದಲ್ಲೂ ಹುಡುಕಬೇಡಿ.) ಯಾರಾದರೂ ಮಾತಾಡುವಾಗ ನಡುವೆ ಬಾಯಿ ಹಾಕುವಂತಿಲ್ಲ, ಮುಗಿದ ಮೇಲೆ ಪರಿಹಾರ ಸೂಚಿಸುವಂತೆಯೂ ಇಲ್ಲ. ಹೆಜ್ಜೆಗಳಲ್ಲಿ ದೇವರು ಮತ್ತೆ ಮತ್ತೆ ಬರುತ್ತಾನೆ. ನಿಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳಿ ಎನ್ನುತ್ತಾರೆ. ಆ ವಿಷಯದಲ್ಲಿ ನಾನು ಇನ್ನೂ ‘ಪಾಸ್’.

ಅಲ್ಲಿ ಕೇಳಿದ್ದನ್ನು ಹೊರಗೆ ಒಯ್ಯಬಾರದು ಎಂಬ ನಿಯಮವಿರುವುದರಿಂದ ಉಳಿದವರ ಕಥೆ ಹೇಳಲಾರೆ. ನನ್ನ ಸ್ಪಾನ್ಸರ್ ಆದ ಹಿರಿಯ ಹೆಂಗಸಿನ ಒಂದು ಮಾತನ್ನು ಮಾತ್ರ ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಸ್ಪಾನ್ಸರ್ ಎಂದರೆ ಹಣ ಕೊಡುವವರಲ್ಲ, ಇದೇ ದಾರಿಯಲ್ಲಿ ನನಗಿಂತ ಸ್ವಲ್ಪ ಮುಂದೆ ನಡೆದವರು. ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಾಗ ಅವರು ಏನು ತಿಂದೆ, ಎಷ್ಟು ತಿಂದೆ ಎಂದು ಕೇಳಲಿಲ್ಲ. “ಈಗ ಎಲ್ಲಿ ನಿಂತಿದ್ದೀಯ?” ಎಂದರು. ಅಡುಗೆಮನೆ ಎಂದೆ. “ಒಂದು ತಟ್ಟೆ ತೆಗೆದುಕೊಂಡು ಮೇಜಿನ ಮುಂದೆ ಕುಳಿತುಕೋ. ತಿನ್ನುವುದಾದರೆ ತಿನ್ನು, ನಾನು ಫೋನಿನಲ್ಲೇ ಇರುತ್ತೇನೆ.” ತಟ್ಟೆ ಇಟ್ಟ ಸದ್ದು ಅವರಿಗೂ ಕೇಳಿಸಿತು. ಇಪ್ಪತ್ತು ನಿಮಿಷ ನಾವಿಬ್ಬರೂ ಹೆಚ್ಚೇನೂ ಮಾತಾಡಲಿಲ್ಲ. ಆ ರಾತ್ರಿ ತಿಂದದ್ದರ ರುಚಿ ನನಗೆ ಇಂದಿಗೂ ನೆನಪಿದೆ.

ಸಭೆಯೊಂದೇ ಸಾಲದು ಎಂಬುದನ್ನೂ ಹೇಳಬೇಕು. ಇಂಥ ಕಾಯಿಲೆಗಳು ರಕ್ತದ ಪೊಟ್ಯಾಸಿಯಂ ಇಳಿಸಿ ಹೃದಯದ ಬಡಿತವನ್ನೇ ತಪ್ಪಿಸಬಲ್ಲವು, ಅದನ್ನು ವೃತ್ತಾಕಾರದ ಕುರ್ಚಿಗಳು ಸರಿಪಡಿಸಲಾರವು. ನಾನು ವೈದ್ಯರನ್ನೂ ಆಪ್ತಸಮಾಲೋಚಕರನ್ನೂ ಬಿಟ್ಟಿಲ್ಲ.

ಆನ್‌ಲೈನ್ ಸಭೆಗಳೂ ನಡೆಯುತ್ತವೆ. ಇಲ್ಲಿ ಸಂಜೆ ಏಳಾದಾಗ ನಿಮಗೆ ಮರುದಿನ ಬೆಳಗಿನ ಏಳೂವರೆ. ನನಗೆ ಗೊತ್ತಿರುವ ಸಭೆಗಳಲ್ಲಿ ಕ್ಯಾಮೆರಾ ಮುಚ್ಚಿಟ್ಟರೂ ನಡೆಯುತ್ತದೆ, ಹೆಸರಿನ ಜಾಗದಲ್ಲಿ ಒಂದು ಅಕ್ಷರವಿದ್ದರೂ ಸಾಕು. ಸರದಿ ಬಂದಾಗ ‘ಪಾಸ್’ ಎನ್ನಿ, ‘ಥ್ಯಾಂಕ್ಸ್’ ಎನ್ನುತ್ತಾರೆ.