ಕೆರೆತಾರೋದ ರಾತ್ರಿ ಪಾಳಿ

ಕಂಪ್ಲೇಂಟ್ ಬಂದದ್ದು ಒಂದು ಸೋಮವಾರ. ನಾವು ಕಳಿಸಿದ ಹೌಸಿಂಗ್‌ಗಳಲ್ಲಿ, ಅಂದರೆ ಬೇರಿಂಗ್ ಕೂರುವ ಕವಚಗಳಲ್ಲಿ, ತೂತು ದೊಡ್ಡದಾಗಿದೆ, ಬೇರಿಂಗ್ ಬಿಗಿಯಾಗಿ ಕೂರುತ್ತಿಲ್ಲ ಅಂತ. 25 ಮಿ.ಮೀ. ತೂತು ಅದು. 25.021ರ ತನಕ ಹೋಗಬಹುದು, ಅದರ ಮೇಲೆ ಒಂದು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಹೋದರೂ ರಿಜೆಕ್ಟ್. ಗಿರಾಕಿ ಅಳೆದಾಗ ಸಿಕ್ಕಿದ್ದು 25.024. ಆಗ ನಾನು ಮೆಕ್ಸಿಕೋದ ಕೆರೆತಾರೋ ಊರಿನಲ್ಲಿ, ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಪೀಣ್ಯದಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿ ಹೋದವನು. ಇಂಥ ಕಂಪ್ಲೇಂಟಿಗೆ 8ಡಿ ರಿಪೋರ್ಟ್, ಅಂದರೆ ತಪ್ಪಿನ ಕಾರಣ ಮತ್ತು ಪರಿಹಾರವನ್ನು ಎಂಟು ಹಂತದಲ್ಲಿ ಹೇಳುವ ವರದಿ, ಬರೆಯುವುದು ನನಗೆ ನೀರು ಕುಡಿದಷ್ಟು ಸಲೀಸು.

ಕೈಯಲ್ಲಿ ಇದ್ದದ್ದು ಮೂರೇ ಸಂಗತಿ. ಕೆಟ್ಟ ಪೀಸ್‌ಗಳ ಮೇಲಿನ ಕೋಡ್ ಒಂದೇ ರಾತ್ರಿ ಪಾಳಿಯದ್ದು. ಆ ರಾತ್ರಿ 10.40ಕ್ಕೆ ಮಷೀನ್‌ನಲ್ಲಿ ಇನ್ಸರ್ಟ್ (ಲೋಹ ಕತ್ತರಿಸುವ ಬದಲಿ ತುದಿ) ಬದಲಾಯಿಸಿದ್ದು ಲಾಗ್‌ನಲ್ಲಿತ್ತು. ಇನ್ಸರ್ಟ್ ಬದಲಾದ ಮೇಲೆ ಮೊದಲ ಪೀಸ್ ಅಳೆದು ಬರೆಯಬೇಕಾದ ಶೀಟು ಫೈಲಿನಲ್ಲಿ ಇರಲಿಲ್ಲ. ಇಷ್ಟು ಸಿಕ್ಕಿದ ಮೇಲೆ ಇನ್ನೇನು? ಬರೆದೆ: ‘ಊಟದ ಬಿಡುವು ಹತ್ತಿರವಾಗಿದ್ದರಿಂದ ಆಪರೇಟರ್ ಅವಸರದಲ್ಲಿ ಇನ್ಸರ್ಟ್ ಬದಲಿಸಿ, ಮೊದಲ ಪೀಸ್ ಅಳೆಯದೆಯೇ ಉತ್ಪಾದನೆ ಮುಂದುವರಿಸಿದ್ದಾನೆ.’ ಓದಿಕೊಂಡರೆ ಎಲ್ಲೂ ತಡವರಿಸದ ವಾಕ್ಯ. ಕೆಳಗೆ ಪರಿಹಾರ: ಆಪರೇಟರ್‌ಗೆ ಲಿಖಿತ ಎಚ್ಚರಿಕೆ, ಮರುತರಬೇತಿ.

ಕಳಿಸುವ ಮುಂಚೆ ಅಳತೆ ನೋಡುವ ಮೆಟ್ರಾಲಜಿ ಲ್ಯಾಬ್‌ನ ಹಿರಿಯ ಹೆಂಗಸೊಬ್ಬರಿಗೆ ತೋರಿಸಿದೆ. ಎಲ್ಲರೂ ಅವರನ್ನು ‘ಮಾಯೆಸ್ತ್ರಾ’ ಅನ್ನುತ್ತಿದ್ದರು. ಅರ್ಥವೂ ಹೆಚ್ಚುಕಡಿಮೆ ನಮ್ಮ ‘ಮೇಷ್ಟ್ರು’ ಅಂತಲೇ, ಕಿವಿಗೂ ಹಾಗೇ ಕೇಳುತ್ತದೆ. ಅವರು ಪೆನ್ಸಿಲ್ ತೆಗೆದು ‘ಅವಸರದಲ್ಲಿ’ ಅನ್ನುವ ಪದಕ್ಕೆ ಒಂದು ಸುತ್ತು ಹಾಕಿದರು. ಆಮೇಲೆ ‘ಅಳೆಯದೆಯೇ’ ಅನ್ನುವುದಕ್ಕೆ ಇನ್ನೊಂದು.

“ನೀವು ಅಲ್ಲಿದ್ರಾ, ಇನ್ಹೆ?”

ಇನ್ಹೆ ಅಂದರೆ ಇಂಜಿನಿಯರ್. ಅಲ್ಲಿನ ಫ್ಯಾಕ್ಟರಿಗಳಲ್ಲಿ ನಮ್ಮ ‘ಸಾರ್’ ಇದ್ದ ಹಾಗೆ. ನನಗೆ ಕೆನ್ನೆ ಬಿಸಿಯಾಯಿತು. ಯಾಕಂದರೆ ಎರಡು ವಾರದ ಹಿಂದೆ ಕ್ಯಾಂಟೀನಿನಲ್ಲಿ ಅವರು ಇದೇ ಪ್ರಶ್ನೆ ಕೇಳಿದ್ದರು, 1867ರ ಬಗ್ಗೆ.

ಕೆರೆತಾರೋಗೆ ಬಂದ ಹೊಸದರಲ್ಲಿ, ಇರುವ ಊರಿನ ಕಥೆ ಗೊತ್ತಿರಲಿ ಅಂತ ಒಂದು ಐತಿಹಾಸಿಕ ಕಾದಂಬರಿಯ ಇಂಗ್ಲಿಷ್ ಅನುವಾದ ಹಿಡಿದಿದ್ದೆ. ಮ್ಯಾಕ್ಸಿಮಿಲಿಯನ್ ಕಥೆ. ಸಾಲದ ಕಂತು ನಿಲ್ಲಿಸಿದ ಮೆಕ್ಸಿಕೋದ ಮೇಲೆ ಫ್ರಾನ್ಸಿನ ಮೂರನೇ ನೆಪೋಲಿಯನ್ ಸೈನ್ಯ ಕಳಿಸಿದ. 1864ರಲ್ಲಿ ಆಸ್ಟ್ರಿಯಾದ ಈ ರಾಜಕುಮಾರನನ್ನು ಚಕ್ರವರ್ತಿ ಅಂತ ತಂದು ಕೂರಿಸಿದ. ಮೂರು ವರ್ಷದೊಳಗೆ ಸೈನ್ಯ ವಾಪಸ್ ಕರೆಸಿಕೊಂಡು ಕೈಬಿಟ್ಟ. ಅಧ್ಯಕ್ಷ ಬೆನಿತೊ ಹುವಾರೆಸ್‌ನ ಪಡೆಗಳು ಮ್ಯಾಕ್ಸಿಮಿಲಿಯನ್‌ಗೆ ಮುತ್ತಿಗೆ ಹಾಕಿದ್ದು ಇದೇ ಕೆರೆತಾರೋದಲ್ಲಿ, ಎರಡು ತಿಂಗಳ ಮೇಲೆ. ಮೇ 15ರ ನಸುಕಿನಲ್ಲಿ ಲಾ ಕ್ರೂಸ್ ಮಠದ ಕಡೆಯಿಂದ ಗಣರಾಜ್ಯದ ಸೈನಿಕರು ಒಳಗೆ ಬಂದರು. ಊರು ಬಿತ್ತು.

ಒಳಗೆ ಬಿಟ್ಟವರು ಯಾರು? ಮ್ಯಾಕ್ಸಿಮಿಲಿಯನ್‌ನ ಕರ್ನಲ್ ಮಿಗೆಲ್ ಲೋಪೆಸ್. ನಾನು ಓದಿದ ಪುಸ್ತಕದಲ್ಲಿ ಆ ದೃಶ್ಯ ಎಷ್ಟು ಚೆನ್ನಾಗಿತ್ತೆಂದರೆ, ಮೇಣದಬತ್ತಿ ಅಲುಗುತ್ತದೆ, ಮೇಜಿನ ಮೇಲೆ ನಾಣ್ಯದ ಚೀಲ ಬೀಳುತ್ತದೆ, ಲೋಪೆಸ್ ಅದನ್ನು ಮುಟ್ಟುವ ಮುಂಚೆ ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ. ಆ ಒರೆಸಿಕೊಳ್ಳುವ ಕೈ ನನ್ನ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಕ್ಯಾಂಟೀನಿನಲ್ಲಿ, ಬಟ್ಟಲಲ್ಲಿ ಹುರುಳಿಕಾಯಿ ಬೀಜದ ಸಾರು ಮುಂದಿಟ್ಟುಕೊಂಡು, ಊರಿನವರಿಗೇ ಊರಿನ ಚರಿತ್ರೆ ಹೇಳಲು ಹೊರಟೆ: “ದುಡ್ಡಿಗೆ ಊರು ಮಾರಿದನಲ್ಲ, ಆ ಲೋಪೆಸ್...”

ಮಾಯೆಸ್ತ್ರಾ ಚಮಚ ಕೆಳಗಿಟ್ಟು, “ನೀವು ಅಲ್ಲಿದ್ರಾ?” ಅಂದರು. ಜೊತೆಗಿದ್ದವರು ನಕ್ಕರು. ಅವರು ನಗಲಿಲ್ಲ. ಆ ರಾತ್ರಿ ಲೋಪೆಸ್ ಶತ್ರುಗಳ ದಂಡನಾಯಕ ಎಸ್ಕೊಬೇದೊ ಹತ್ತಿರ ಹೋದದ್ದು ನಿಜ, ಯಾಕೆ ಹೋದ ಅನ್ನುವುದೇ ಜಗಳ ಅಂದರು. ದ್ರೋಹಿ ಅಂತ ಎಲ್ಲರೂ ಉಗಿದಾಗ ಲೋಪೆಸ್ ಅದೇ ವರ್ಷ ತನ್ನ ಸಮರ್ಥನೆ ಬರೆದು ಅಚ್ಚು ಹಾಕಿಸಿದ. ಇಪ್ಪತ್ತು ವರ್ಷ ಕಳೆದು, 1887ರಲ್ಲಿ, ಗೆದ್ದ ಎಸ್ಕೊಬೇದೊನೇ ತನ್ನ ವರದಿಯಲ್ಲಿ ಹೇಳಿದ: ಲೋಪೆಸ್ ಬಂದದ್ದು ಮ್ಯಾಕ್ಸಿಮಿಲಿಯನ್‌ನ ದೂತನಾಗಿ. ಚಕ್ರವರ್ತಿಯ ಕಡೆಯವರು ಅದನ್ನು ಒಪ್ಪಲಿಲ್ಲ. ವಾದ ಇನ್ನೂ ಮುಗಿದಿಲ್ಲ. ಮುಗಿದದ್ದು ನನ್ನ ಕಾದಂಬರಿಯಲ್ಲಿ ಮಾತ್ರ.

ಇದರಲ್ಲಿ ಕಾದಂಬರಿಕಾರನ ತಪ್ಪೇನೂ ಇಲ್ಲ. ತುಂಬಿಸುವುದೇ ಅವನ ಕಸುಬು. ನಾನು ಚಿತ್ರದುರ್ಗದ ಕಡೆಯವನು. ನಮ್ಮ ಮನೆಯಲ್ಲಿ ಮದಕರಿ ನಾಯಕ ಮಾತಾಡುವುದು ತ.ರಾ.ಸು. ಬರೆದ ಹಾಗೇ, ಅಜ್ಜಿ ಸಹ ಅದನ್ನು ಕಂಡವರ ಹಾಗೆ ಹೇಳುತ್ತಿದ್ದರು. ಮೆಕ್ಸಿಕೋದವನೇ ಆದ ನಾಟಕಕಾರ ರೊದೊಲ್ಫೊ ಉಸಿಗ್ಲಿ, ಮ್ಯಾಕ್ಸಿಮಿಲಿಯನ್‌ನ ಹೆಂಡತಿ ಕಾರ್ಲೋತಾ ಬಗ್ಗೆ 1943ರಲ್ಲಿ ಬರೆದ ನಾಟಕವನ್ನು ‘ಚರಿತ್ರೆ-ವಿರೋಧಿ’ ಅಂತ ತಾನೇ ಕರೆದುಬಿಟ್ಟ. ಎಷ್ಟು ಪ್ರಾಮಾಣಿಕ ಲೇಬಲ್! ನನ್ನ 8ಡಿ ರಿಪೋರ್ಟಿಗೆ ಅಂಥ ಲೇಬಲ್ ಇರಲಿಲ್ಲ.

ಆ ಭಾನುವಾರ ಸೆರ್ರೊ ದೆ ಲಾಸ್ ಕಂಪಾನಾಸ್‌ಗೆ ಹೋದೆ. ಗಂಟೆಗಳ ಗುಡ್ಡ. ಅಲ್ಲಿನ ಕಲ್ಲು ಬಡಿದರೆ ಗಂಟೆಯ ಸದ್ದು ಬರುತ್ತದೆ ಅಂತಾರೆ, ನಾನೂ ಒಂದೆರಡು ಕಲ್ಲು ಬಡಿದು ನೋಡಿದೆ, ಕಲ್ಲಿನ ಸದ್ದೇ ಬಂತು. 1867ರ ಜೂನ್ 19ರಂದು ಮ್ಯಾಕ್ಸಿಮಿಲಿಯನ್‌ಗೆ, ಜನರಲ್‌ಗಳಾದ ಮಿರಾಮೊನ್ ಮತ್ತು ಮೆಹಿಯಾಗೆ ಗುಂಡಿಕ್ಕಿದ್ದು ಇಲ್ಲಿ. ಆ ಜಾಗದಲ್ಲಿ ಆಸ್ಟ್ರಿಯಾದವರು ಕಟ್ಟಿಸಿದ ಪುಟ್ಟ ಪ್ರಾರ್ಥನಾ ಮಂದಿರವಿದೆ. ಮೇಲೆ, ಗುಡ್ಡದ ತುದಿಯಲ್ಲಿ, ಹುವಾರೆಸ್‌ನ ದೊಡ್ಡ ಪ್ರತಿಮೆ. ಯಾರು ಗೆದ್ದರು ಅಂತ ಬೋರ್ಡ್ ಹಾಕುವ ಅಗತ್ಯವೇ ಇಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಕಾದಂಬರಿಯ ಕೊನೆಯ ಅಧ್ಯಾಯಗಳನ್ನು ಮತ್ತೆ ಓದಿದೆ, ಈ ಸಲ ಆಡಿಟ್ ಮಾಡುವವನ ಕಣ್ಣಿನಿಂದ. ಮ್ಯಾಕ್ಸಿಮಿಲಿಯನ್ ಗುಂಡು ಹೊಡೆಯುವ ಸೈನಿಕರಿಗೆ ಚಿನ್ನದ ನಾಣ್ಯ ಹಂಚಿ, ಮುಖಕ್ಕೆ ಹೊಡೆಯಬೇಡಿ ಅಂತ ಕೇಳಿಕೊಳ್ಳುತ್ತಾನೆ. ನಡುವಿನ ಗೌರವದ ಜಾಗವನ್ನು ಮಿರಾಮೊನ್‌ಗೆ ಬಿಟ್ಟುಕೊಡುತ್ತಾನೆ. ಹಿಂದಿನ ವರ್ಷ ರೋಮಿನಲ್ಲಿ, ತನಗೆ ವಿಷ ಹಾಕುತ್ತಾರೆ ಅನ್ನುವ ಭಯಕ್ಕೆ ಕಾರ್ಲೋತಾ ಪೋಪ್‌ರ ಬಟ್ಟಲಿನ ಬಿಸಿ ಚಾಕೊಲೇಟಿಗೆ ಬೆರಳು ಅದ್ದುತ್ತಾಳೆ. ಮೊದಲ ಓದಿನಲ್ಲಿ ಇವೆಲ್ಲ ಲೇಖಕ ಕಟ್ಟಿದ್ದು ಅಂದುಕೊಂಡಿದ್ದೆ. ಆಮೇಲೆ ಹುಡುಕಿದರೆ ಚರಿತ್ರೆಕಾರರು ಹೇಳುವುದೂ ಇವನ್ನೇ. ಇತ್ತ ಬೆವರು ಒರೆಸಿಕೊಂಡ ಕೈಗೆ ಎಲ್ಲೂ ಆಧಾರವಿಲ್ಲ. ಚಿತ್ರಕಾರ ಮಾನೆ ಇದೇ ಗುಂಡೇಟಿನ ದೃಶ್ಯವನ್ನು ಪ್ಯಾರಿಸಿನಲ್ಲಿ ಕೂತು ಒಂದಕ್ಕಿಂತ ಹೆಚ್ಚು ಸಲ ಬರೆದ. ಕೊನೆಯ ದೊಡ್ಡ ಚಿತ್ರದಲ್ಲಿ ಮ್ಯಾಕ್ಸಿಮಿಲಿಯನ್‌ನನ್ನು ನಡುವೆಯೇ ನಿಲ್ಲಿಸಿದ. ಚಿತ್ರಕ್ಕೆ ಅದು ಒಪ್ಪುತ್ತದೆ, ನಡೆದದ್ದಕ್ಕೆ ಒಪ್ಪುವುದಿಲ್ಲ.

ಇಷ್ಟೆಲ್ಲ ತಲೆಗೆ ಹೋಗಿಯೂ ಮರುವಾರವೇ ‘ಅವಸರದಲ್ಲಿ’ ಅಂತ ಬರೆದೆನಲ್ಲ, ಅದು ನನ್ನ ಬುದ್ಧಿ.

ಮಾಯೆಸ್ತ್ರಾ ಪೆನ್ಸಿಲ್ ಕೆಳಗಿಡಲಿಲ್ಲ. ಪ್ರತಿ ವಾಕ್ಯಕ್ಕೂ ಯಾವ ಕಾಗದ ಆಧಾರ ಅಂತ ಕೇಳುತ್ತಾ ಹೋದರು. ಹನ್ನೆರಡು ವಾಕ್ಯದಲ್ಲಿ ನಿಂತದ್ದು ನಾಲ್ಕು. ಇಬ್ಬರೂ ಶಾಪ್ ಫ್ಲೋರಿಗೆ ಇಳಿದೆವು. ಕಾಣೆಯಾದ ಶೀಟು ಅರ್ಧ ಗಂಟೆಯಲ್ಲಿ ಸಿಕ್ಕಿತು. ಆ ವಾರ ಫಾರಂ ಬದಲಾಗಿತ್ತು, ಹೊಸ ಫಾರಂಗೆ ಹೊಸ ಫೈಲು, ನಾನು ನೋಡಿದ್ದು ಹಳೆಯದನ್ನು. ಆಪರೇಟರ್ ಮೊದಲ ಪೀಸ್ ಅಳೆದಿದ್ದ, ಸಹಿ ಹಾಕಿದ್ದ. ಬರೆದಿದ್ದ ಅಳತೆ 25.018. ಲೆಕ್ಕದ ಪ್ರಕಾರ ಸರಿಯಾದ ಪೀಸ್.

ಹಾಗಾದರೆ ಗಿರಾಕಿಗೆ 25.024 ಹೇಗೆ ಬಂತು? ತೂತು ಅಳೆಯುವ ಬೋರ್ ಗೇಜನ್ನು ಸೊನ್ನೆಗೆ ಕೂರಿಸುವ ಅಳತೆ ಉಂಗುರ, ರಿಂಗ್ ಗೇಜ್, ತೆಗೆದು ಬೆಳಕಿಗೆ ಹಿಡಿದೆವು. ಪಕ್ಕದಲ್ಲಿ ಸಣ್ಣಗೆ ಕೆತ್ತಿದ್ದ ಅಳತೆ 25.006. ಹಳೆಯ ರಿಂಗ್ ಸರಿಯಾಗಿ 25.000 ಇತ್ತು. ಅದು ಸವೆದು ಹೊಸದು ತರಿಸಿದಾಗ ಕೆಲಸದ ಸೂಚನೆಯಲ್ಲಿ ‘ರಿಂಗ್‌ಗೆ ಸೊನ್ನೆ ಕೂರಿಸಿ’ ಅನ್ನುವ ಸಾಲು ಹಾಗೇ ಉಳಿದಿತ್ತು. ಹೊಸ ರಿಂಗಿನ 25.006ನ್ನೇ 25.000 ಅಂತ ಹಿಡಿದು ಮೂರೂ ಪಾಳಿಯವರು ಆರು ಮೈಕ್ರಾನ್ ಕಮ್ಮಿ ಓದುತ್ತಿದ್ದರು. ಆ ರಾತ್ರಿಯ ಪೀಸ್‌ಗಳು ಮೇಲಿನ ಮಿತಿಯ ಹತ್ತಿರ ಇದ್ದವು ಅನ್ನುವ ಕಾರಣಕ್ಕೆ ಸಿಕ್ಕಿಬಿದ್ದವು, ಅಷ್ಟೇ. ಆ ಸೂಚನೆಯ ಪರಿಷ್ಕರಣೆಗೆ ಸಹಿ ಹಾಕಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ಅಂದಿನಿಂದ ರಿಪೋರ್ಟಿನ ಕರಡನ್ನು ಎರಡು ಬಣ್ಣದಲ್ಲಿ ಬರೆಯುತ್ತೇನೆ. ಕಾಗದದ ನಂಬರ್ ಕೊಡಬಹುದಾದ ವಾಕ್ಯ ಕಪ್ಪು, ನನಗೆ ಹೊಳೆದದ್ದು ನೀಲಿ. ಸರಾಗವಾಗಿ ಓದಿಸಿಕೊಂಡು ಹೋಗುವ ಜಾಗದಲ್ಲಿ ನೀಲಿ ಜಾಸ್ತಿ ಇರುತ್ತದೆ. ಮೊದಲ ಸಲ ಹಾಗೆ ಕಳಿಸಿದಾಗ ಗಿರಾಕಿ ಕಡೆಯ ಇಂಜಿನಿಯರ್ ಫೋನ್ ಮಾಡಿ, ಇದೇನು ಮಕ್ಕಳ ಡ್ರಾಯಿಂಗ್ ಪುಸ್ತಕವಾ ಅಂದ. ಆಮೇಲೆ ಕೇಳಿದ್ದೆಲ್ಲ ನೀಲಿ ವಾಕ್ಯಗಳ ಬಗ್ಗೆಯೇ.

ಮೊದಲ ರಿಪೋರ್ಟಿನ ಪ್ರಿಂಟು ನನ್ನ ಹತ್ತಿರ ಈಗಲೂ ಇದೆ, ಪೆನ್ಸಿಲಿನ ಸುತ್ತುಗಳ ಸಮೇತ. ಆ ಆಪರೇಟರ್‌ಗೆ ಅದರಲ್ಲಿ ತನ್ನ ಬಗ್ಗೆ ಏನು ಬರೆದಿತ್ತು ಅಂತ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಅಲ್ಲಿರುವ ತನಕ, ಬೆಳಿಗ್ಗೆ ಪಾಳಿ ಬಿಟ್ಟು ಹೋಗುವಾಗ ಗೇಟಿನ ಹತ್ತಿರ ಎದುರಾದರೆ, ಟಿಫಿನ್ ಚೀಲ ಹಿಡಿದ ಕೈಯನ್ನೇ ಮೇಲೆತ್ತಿ “ಬುವೆನೊಸ್ ದಿಯಾಸ್, ಇನ್ಹೆ” ಅನ್ನುತ್ತಿದ್ದ.