ಚಿಕ್ಕಮ್ಮನ ಜೊತೆ ಕೊರಿಯನ್ ಸೀರಿಯಲ್

ದಸರಾ ರಜೆಗೆ ಚಿಕ್ಕಮ್ಮ ಮನೆಗೆ ಬಂದಿದ್ದರು. ನಾನು 2014ರ ಕೊರಿಯನ್ ಸೀರಿಯಲ್ ‘ಇಟ್ಸ್ ಓಕೆ, ದಟ್ಸ್ ಲವ್’ ನೋಡುತ್ತಿದ್ದೆ. ಸುಮ್ನೆ ಬಂದು ಕೂತವರು ಏಳಲೇ ಇಲ್ಲ. ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುವುದು ನನ್ನ ಪಾಲಿಗೆ ಬಂತು.

ನಾಯಕ ಜೇ-ಯಲ್ ಹೆಸರಾದ ಕಾದಂಬರಿಕಾರ, ಆದರೆ ಅವನಿಗೆ ನಿದ್ದೆ ಬರುವುದು ಬಾತ್‌ರೂಮಿನಲ್ಲಿ ಮಾತ್ರ. ನಾಯಕಿ ಹೇ-ಸೂ ಮನೋವೈದ್ಯೆ. ಮುತ್ತು ಕೊಡಲು ಯಾರಾದರೂ ಹತ್ತಿರ ಬಂದರೆ ಅವಳಿಗೇ ಬೆವರು ಕಿತ್ತುಕೊಳ್ಳುತ್ತದೆ. ಜೇ-ಯಲ್ ಹಿಂದೆ ಕಾಂಗ್-ವೂ ಅಂತ ಒಬ್ಬ ಹೈಸ್ಕೂಲು ಹುಡುಗ ಸುತ್ತುತ್ತಿರುತ್ತಾನೆ. ಅವನ ಬರಿಗಾಲು ನೋಡಿ ಚಿಕ್ಕಮ್ಮ, “ಅಷ್ಟು ದುಡ್ಡಿರೋನು, ಪಾಪ ಆ ಮಗೂಗೆ ಒಂದು ಜೊತೆ ಚಪ್ಪಲಿ ಕೊಡಿಸಬಾರದಾ?” ಅಂದರು.

ನಾಲ್ಕನೇ ಕಂತಿನ ಕೊನೆಗೆ ಗೊತ್ತಾಗುತ್ತದೆ, ಆ ಹುಡುಗ ಇಲ್ಲವೇ ಇಲ್ಲ. ಜೇ-ಯಲ್ ಒಬ್ಬನೇ ಇದ್ದಾನೆ. ಅದು ಸ್ಕಿಜೋಫ್ರೇನಿಯಾ, ಇಲ್ಲದ್ದು ಕಾಣಿಸುವ, ಕೇಳಿಸುವ ಮನೋರೋಗ.

“ನಮ್ಮ ಮೈದುನನೂ ಹೀಗೇ ಒಬ್ಬನೇ ಮಾತಾಡ್ತಿದ್ದ ಕಣೇ” ಅಂದರು ಚಿಕ್ಕಮ್ಮ. ಆ ಮೈದುನನಿಗೆ ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತ ಹಿರಿಯರು ಮದುವೆ ಮಾಡಿದ್ದರಂತೆ. ಹುಡುಗಿ ಮನೆಯವರಿಗೆ ಏನೂ ಹೇಳಿರಲಿಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಗಾದೆಯನ್ನು ನಾವು ತಮಾಷೆಗೆ ಹೇಳುತ್ತೇವೆ. ಅವರ ಮನೆಯಲ್ಲಿ ಅದರ ಅರ್ಧ ಭಾಗವನ್ನು ನಿಜವೆಂದೇ ನಂಬಿದ್ದರು.

ಈ ಸೀರಿಯಲ್ ನನಗೆ ಹಿಡಿಸುವುದೂ ಅದಕ್ಕೇ. ಇಲ್ಲಿ ಪ್ರೀತಿ ಔಷಧಿಯಲ್ಲ. ಹೇ-ಸೂ ಅವನಿಗೆ ತಾನೇ ಚಿಕಿತ್ಸೆ ಕೊಡಲು ಹೋಗುವುದಿಲ್ಲ, ಹಿರಿಯ ಡಾಕ್ಟರ್ ನೋಡಿಕೊಳ್ಳುತ್ತಾರೆ. ಆಸ್ಪತ್ರೆ, ಮಾತ್ರೆ, ಮಾತ್ರೆಯ ಅಡ್ಡ ಪರಿಣಾಮ ಎಲ್ಲವೂ ಇದೆ. ಆ ಕಂತುಗಳಲ್ಲಿ ಚಿಕ್ಕಮ್ಮನದು ಒಂದೇ ಪ್ರಶ್ನೆ: “ಇವನು ಮಾತ್ರೆ ನಿಲ್ಲಿಸಿಬಿಡಲ್ಲ ತಾನೇ?” ಇಂಥ ಮನೆಯಲ್ಲಿ ಬದುಕಿದವರು ಮಾತ್ರ ಕೇಳುವ ಪ್ರಶ್ನೆ, ಅಲ್ವಾ?

ಕೊನೆಯಲ್ಲಿ ಜೇ-ಯಲ್ ಆ ಹುಡುಗನ ಕಾಲು ತೊಳೆದು, ಶೂ ಕೊಟ್ಟು ಬೀಳ್ಕೊಡುತ್ತಾನೆ. ನಾನು ಕಣ್ಣೊರೆಸಿಕೊಂಡೆ. ಚಿಕ್ಕಮ್ಮ ಒಪ್ಪಲಿಲ್ಲ. “ಹೋಗು ಅಂದ ಕೂಡಲೇ ಹೋಗಿಬಿಡುತ್ತಾ?” ನಿಜ, ಅಲ್ಲಿ ಕಥೆ ಜಾಸ್ತಿ ಸಿಹಿಯಾಗಿದೆ. ಆದರೆ ಹೇ-ಸೂ ಅವನನ್ನು ಬಿಟ್ಟು ಒಂದು ವರ್ಷ ಊರೂರು ಸುತ್ತಲು ಹೊರಟಾಗ, “ಒಳ್ಳೇ ಕೆಲಸ ಮಾಡಿದ್ಲು” ಅಂದರು.

ಆಮೇಲೆ ಇಂಥದ್ದೇ ಇನ್ನೊಂದು ಹಾಕು ಅಂತ ಅವರೇ ಕೇಳಿದರು. 2023ರ ‘ಡೈಲಿ ಡೋಸ್ ಆಫ್ ಸನ್‌ಶೈನ್’ ಹಾಕಿದೆ. ಅದರಲ್ಲಿ ಮನೋರೋಗ ವಾರ್ಡಿನ ನರ್ಸೇ ಖಿನ್ನತೆಗೆ ಬಿದ್ದು ಆಸ್ಪತ್ರೆ ಸೇರುತ್ತಾಳೆ. ಹುಷಾರಾಗಿ ಕೆಲಸಕ್ಕೆ ಮರಳಿದರೆ, ಇಂಥವಳು ಬೇಡ ಅಂತ ರೋಗಿಗಳ ಮನೆಯವರೇ ಗಲಾಟೆ ಮಾಡುತ್ತಾರೆ. ಆ ಜನಕ್ಕೆ ಚಿಕ್ಕಮ್ಮ ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ.